ನೀಲಿ ಅಂಗಿಯ ಸಾಕ್ಷಿ

ಉತ್ತರ ಬೇಡದ ಪ್ರಶ್ನೆ ಅಂತ ಒಂದಿದೆ. ಉತ್ತರ ಕೇಳುವವನಿಗೂ ಗೊತ್ತಿರುತ್ತದೆ, ಕೇಳಿಸಿಕೊಳ್ಳುವವರಿಗೂ ಗೊತ್ತಿರುತ್ತದೆ. ಆದರೂ ಕೇಳಬೇಕು. ಕೇಳಿ ಸ್ವಲ್ಪ ಹೊತ್ತು ಸುಮ್ಮನಿರಬೇಕು. ಆ ಮೌನದಲ್ಲಿ ಎದುರಿನವರ ಮನಸ್ಸು ತಾನಾಗಿ ಕರಗಬೇಕು. ಹೈಸ್ಕೂಲಿನ ಮಕ್ಕಳಿಗೆ ನಾನು ವರ್ಷ ವರ್ಷವೂ ಇದನ್ನು ಕಲಿಸುತ್ತೇನೆ. 'ಮನವೊಲಿಸುವ ಬರವಣಿಗೆ' ಎಂಬ ಪಾಠದಲ್ಲಿ ಇದಕ್ಕೆಂದೇ ಒಂದು ಇಡೀ ಪುಟವಿದೆ. ಆದರೆ ಈ ವಿದ್ಯೆ ನಮ್ಮ ಮನೆಯ ಹೊಸ್ತಿಲು ದಾಟುವುದಿಲ್ಲ.

ಒಂದು ಸಂಜೆ ಕಿಟಕಿ ಮುಚ್ಚಿ ಎಂದು ಯಾರಿಗೋ ಹೇಳಿ, ಯಾರೂ ಮುಚ್ಚದೆ, ನಾನೇ ಎದ್ದು ಮುಚ್ಚಿ, ಬೇಸರದಿಂದ ಕೇಳಿದೆ: "ಈ ಮನೇಲಿ ನನ್ನ ಮಾತಿಗೆ ಏನಾದ್ರೂ ಬೆಲೆ ಇದೆಯಾ?"

"ಇಲ್ಲ" ಎಂದು ಮುಂದಿನ ಕೋಣೆಯಿಂದ ಅತ್ತೆ ಉತ್ತರ ಕೊಟ್ಟರು.

"ಗೊತ್ತಿದ್ದೂ ಯಾಕೆ ಕೇಳ್ತೀರಿ?" ಎಂದು ಅಡುಗೆಮನೆಯಿಂದ ಹೆಂಡತಿ.

ನನ್ನ ಹೆಂಡತಿ ಅಂಚೆ ಕಚೇರಿಯ ಕೌಂಟರಿನಲ್ಲಿ ಕೆಲಸ ಮಾಡುತ್ತಾಳೆ. ಬೆಳಗಿನಿಂದ ಸಂಜೆಯವರೆಗೆ ಸಾಲಿನಲ್ಲಿ ನಿಂತವರ ದೂರು ಕೇಳಿ ಕೇಳಿ, ಮಾತು ಎಲ್ಲಿ ಮುಗಿಯಬೇಕು ಎಂಬುದು ಅವಳಿಗೆ ಚೆನ್ನಾಗಿ ಗೊತ್ತು. ನಾನು ಎಷ್ಟೇ ಭಾವಪೂರ್ಣವಾಗಿ ಮಾತಾಡಿ ನಿಲ್ಲಿಸಿದರೂ "ಹೂಂ, ಮುಂದೆ?" ಅನ್ನುತ್ತಾಳೆ. ನನ್ನ ಹಿಂದೆ ಇನ್ನೂ ನಾಲ್ಕು ಗಂಡಂದಿರು ಸಾಲಿನಲ್ಲಿ ನಿಂತಿದ್ದಾರೇನೋ ಅನ್ನಿಸಿ ನಾನೇ ಪಕ್ಕಕ್ಕೆ ಸರಿಯುತ್ತೇನೆ.

ಅತ್ತೆ ಅಂದರೆ ಅವಳ ತಾಯಿ. ದರ್ಜಿ. ಗಂಡಸರ ಅಂಗಿ ಹೊಲಿಯುವುದರಲ್ಲಿ ಎತ್ತಿದ ಕೈ. ಮಾವನವರು ಸಣ್ಣ ವಯಸ್ಸಿಗೇ ತೀರಿಹೋದ ಮೇಲೆ ಆ ಒಂದು ಹೊಲಿಗೆ ಯಂತ್ರದ ಮೇಲೆ ಮಗಳನ್ನು ಸಾಕಿ, ಓದಿಸಿ, ದಡ ಮುಟ್ಟಿಸಿದವರು. ಮಾವನವರನ್ನು ನಾನು ಫೋಟೋದಲ್ಲಷ್ಟೇ ನೋಡಿದ್ದೇನೆ. ಆ ಫೋಟೋದಲ್ಲೂ ಅವರು ತೊಟ್ಟಿರುವುದು ಅತ್ತೆ ಹೊಲಿದ ಅಂಗಿಯನ್ನೇ. ಈಗ ನಮ್ಮ ಮನೆಯ ಮುಂದಿನ ಕೋಣೆಯೇ ಅತ್ತೆಯ ಅಂಗಡಿ, ಆಸ್ಥಾನ ಎಲ್ಲ. ಹೊರಗಿನವರ ಬಟ್ಟೆ ಹೊಲಿಯುವುದನ್ನು ಬಿಟ್ಟಿದ್ದರೂ ಯಂತ್ರಕ್ಕೆ ಎಣ್ಣೆ ಬಿಡುವುದನ್ನು ಬಿಟ್ಟಿರಲಿಲ್ಲ.

ನನ್ನ ಕಷ್ಟ ಶುರುವಾದದ್ದು ಅವರು ನನಗೊಂದು ನೀಲಿ ಅಂಗಿ ಹೊಲಿದುಕೊಟ್ಟಾಗ. ನೀಲಿ ಎಂದೆನಲ್ಲ, ಎಡಗಡೆಯ ತೋಳೊಂದನ್ನು ಬಿಟ್ಟು ನೀಲಿ. ಆ ತೋಳು ಬೂದು ಬಣ್ಣದ್ದು. ಮೇಜಿನ ಮೇಲೆ ಯಾವುದೋ ಹಳೆಯ ಪ್ಯಾಂಟಿನ ಬಟ್ಟೆಯೂ ಬಿದ್ದಿತ್ತು, ಅದು ತೋಳಾಗಿ ಬಂದಿತ್ತು. ಜೇಬು ವಾರೆಯಾಗಿ ಕಂಕುಳ ಕಡೆ ಮುಖ ಮಾಡಿತ್ತು. ಗುಂಡಿಗಳು ಒಂದು ಕಾಜ ಕೆಳಗೆ ಕೂತಿದ್ದವು, ಹಾಗಾಗಿ ಅಂಗಿಯ ಒಂದು ತುದಿ ಮೊಣಕಾಲು ನೋಡಲು ಹೊರಟಿತ್ತು. ಅತ್ತೆ ಅದನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು, ಹೆಮ್ಮೆಯಿಂದ ಕೇಳಿದರು: "ಹೇಗಿದೆ, ಅಳಿಯಂದ್ರೇ?"

ಹೆಂಡತಿ ನನ್ನನ್ನು ನೋಡಿದಳು. ಶಾಲೆಗೆ ಹೋಗುವ ನಮ್ಮ ಮಗಳು ನೆಲ ನೋಡಿದಳು. ನಾನು ಹೇಳಿದೆ: "ಬಹಳ ಚೆನ್ನಾಗಿದೆ ಅತ್ತೆ."

(ಅಳಿಯನಾದವನು ಬೇರೆ ಏನು ಹೇಳಬೇಕಿತ್ತು? ಇದು ಉತ್ತರ ಬೇಡದ ಪ್ರಶ್ನೆ. ದಯವಿಟ್ಟು ನೀವಾದರೂ ಉತ್ತರಿಸಬೇಡಿ.)

ಹೇಳಿದ ಮೇಲೆ ಹಾಕಿಕೊಳ್ಳಬೇಕಾಯಿತು. ಹಾಕಿಕೊಂಡ ಮೇಲೆ ಅತ್ತೆಯ ಕಣ್ಣೆದುರೇ ಶಾಲೆಗೆ ಹೊರಡಬೇಕಾಯಿತು. ಹೆಡ್ಮಾಸ್ಟರು ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ "ಮನೇಲಿ ಎಲ್ಲ ಸೌಖ್ಯ ತಾನೆ?" ಎಂದು ವಿಚಾರಿಸಿದರು. ಮುಂದಿನ ಬೆಂಚಿನ ಹುಡುಗಿಯರು ಪುಸ್ತಕ ಅಡ್ಡ ಹಿಡಿದು ನಕ್ಕರು. ಹಿಂದಿನ ಬೆಂಚಿನವರಿಗೆ ಅಷ್ಟು ಸಂಕೋಚವೂ ಇರಲಿಲ್ಲ.

ಆ ವಾರವೇ ಹೆಂಡತಿ ತಾಯಿಯನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಎರಡೂ ಕಣ್ಣಿಗೆ ಪೊರೆ ಬಂದಿದೆ, ಚೆನ್ನಾಗಿ ಬಲಿತಿದೆ, ಇನ್ನೂ ತಡ ಮಾಡಿದರೆ ಆಪರೇಷನ್ ಕಷ್ಟವಾಗುತ್ತದೆ ಎಂದರಂತೆ. ಅತ್ತೆ ಮನೆಗೆ ಬಂದು, ಚಪ್ಪಲಿ ಬಿಟ್ಟು, ಯಂತ್ರದ ಮುಂದೆ ಕೂತು ಹೇಳಿದರು: "ನಂಗೆ ಬೇಡ. ನಂಗೆ ಕಾಣುತ್ತೆ."

ಕಾಣುತ್ತಿತ್ತು ಹೇಗೆ ಅನ್ನುವುದನ್ನು ನಾನು ಹೇಳಿಬಿಡಬೇಕು. ಬೆಳಗ್ಗೆ ಶಾಲೆಗೆ ಹೋಗುವ ಮುಂಚೆ ಮಗಳು ಸೂಜಿಗಳಿಗೆಲ್ಲ ದಾರ ಪೋಣಿಸಿ ಪುಟ್ಟ ದಿಂಬಿಗೆ ಚುಚ್ಚಿಟ್ಟು ಹೋಗುತ್ತಿದ್ದಳು. "ನಂಗೆ ಇದು ಆಟ ಅಜ್ಜಿ" ಅನ್ನುತ್ತಿದ್ದಳು. "ಆಡ್ಕೋ ಮಗಳೇ" ಅನ್ನುತ್ತಿದ್ದರು ಅಜ್ಜಿ. ದಾರದ ರೀಲುಗಳನ್ನು ಹೆಂಡತಿ ಬಣ್ಣದ ಪ್ರಕಾರ ಎಡದಿಂದ ಬಲಕ್ಕೆ ಜೋಡಿಸಿಡುತ್ತಿದ್ದಳು. ನಾನು ಅಂಗಿ ಹಾಕಿಕೊಂಡು ತಿರುಗುತ್ತಿದ್ದೆ. ಹೀಗೆ ಮೂವರೂ ಸೇರಿ ಅವರಿಗೆ ಕಣ್ಣು ಕಾಣುವಂತೆ ನೋಡಿಕೊಂಡಿದ್ದೆವು.

"ನೀವು ಮೇಷ್ಟ್ರು. ಮಾತಾಡೋದೇ ನಿಮ್ಮ ಕೆಲಸ. ಅಮ್ಮನ್ನ ಒಪ್ಪಿಸಿ ನೋಡೋಣ" ಎಂದಳು ಹೆಂಡತಿ. "ಒಂದೇ ಮಾತು. ಅಂಗಿ ವಿಷಯ ಮಾತ್ರ ಎತ್ತಬೇಡಿ. ತನ್ನ ಕೈ ಕೆಲಸ ಕೆಟ್ಟಿದೆ ಅಂತ ಗೊತ್ತಾದ್ರೆ ಅಮ್ಮ ಕುಸಿದುಹೋಗ್ತಾಳೆ."

ನಾನು ಟೊಂಕ ಕಟ್ಟಿ ನಿಂತೆ. ಮನವೊಲಿಸುವ ಬರವಣಿಗೆಯ ಸಕಲ ಶಸ್ತ್ರಾಸ್ತ್ರಗಳೂ ನನ್ನ ಬತ್ತಳಿಕೆಯಲ್ಲಿ ಇದ್ದವು. ಮೊದಲು ತಜ್ಞರ ಮಾತು.

"ಅತ್ತೆ, ಡಾಕ್ಟರು ಅಷ್ಟು ಓದಿದವರು. ಅವರೇ ಹೇಳಿದ ಮೇಲೆ..."

"ಓದಿರಬಹುದು. ಏಳೋವಾಗ ಆಸರೆಗೆ ಅಂತ ಆ ಡಾಕ್ಟರ್ ಹುಡುಗಿ ಕೋಟಿನ ತೋಳು ಹಿಡ್ಕೊಂಡೆ. ಕಂಕುಳಲ್ಲಿ ಹೊಲಿಗೆ ಬಿಟ್ಟಿತ್ತು. ತನ್ನ ಕೋಟು ನೋಡ್ಕೊಳ್ಳೋಕೆ ಪುರುಸೊತ್ತಿಲ್ಲದವಳು ನನ್ನ ಕಣ್ಣು ನೋಡ್ತಾಳಾ?"

ಇದೂ ಉತ್ತರ ಬೇಡದ ಪ್ರಶ್ನೆಯೇ, ಗಮನಿಸಿ. ಅವರು ಕೇಳಿದರೆ ಕೆಲಸ ಮಾಡುತ್ತದೆ.

ಮರುದಿನ ಅಂಕಿಅಂಶ ಹಿಡಿದು ಹೋದೆ. ನೂರು ಜನರಲ್ಲಿ ಒಬ್ಬಿಬ್ಬರನ್ನು ಬಿಟ್ಟರೆ ಎಲ್ಲರಿಗೂ ಸರಿಹೋಗುತ್ತದಂತೆ ಎಂದೆ.

"ಆ ಒಬ್ಬಿಬ್ಬರು ಯಾರು?"

"ಅದು... ಯಾರೋ ಇರ್ತಾರೆ ಅತ್ತೆ."

"ಅವರ ಮನೇಲೂ ಒಬ್ಬ ಅಳಿಯ ಹೀಗೇ ಹೇಳಿರ್ತಾನೆ ಪಾಪ."

ಮೂರನೆಯದು ಪುನರುಕ್ತಿ. ಒಂದೇ ಪದವನ್ನು ಮತ್ತೆ ಮತ್ತೆ ತಂದು ಬಡಿಯುವುದು. ನಾನು ಎದ್ದು ನಿಂತು, ಕೈ ಎತ್ತಿ, ದನಿ ಏರಿಸುತ್ತಾ ಹೇಳಿದೆ: "ಕಣ್ಣಿದ್ದರೆ ಬೆಳಕು! ಕಣ್ಣಿದ್ದರೆ ಕೆಲಸ! ಕಣ್ಣಿದ್ದರೆ ಬದುಕು!"

"ಕೇಳಿಸ್ತು, ಕೇಳಿಸ್ತು. ಕಿವಿಗೇನೂ ಪೊರೆ ಬಂದಿಲ್ಲ" ಎಂದರು ಅತ್ತೆ. ಬಾಗಿಲಲ್ಲಿ ನಿಂತಿದ್ದ ಹೆಂಡತಿ "ಹೂಂ, ಮುಂದೆ?" ಎಂದಳು.

ಮುಂದೆ ನನ್ನ ಬ್ರಹ್ಮಾಸ್ತ್ರ. ಎದುರಾಳಿ ಎತ್ತಬಹುದಾದ ಆಕ್ಷೇಪವನ್ನು ನಾವೇ ಮೊದಲು ಎತ್ತಿ, ಅವರು ಬಾಯಿ ತೆರೆಯುವ ಮುಂಚೆಯೇ ಮುರಿದುಹಾಕುವುದು. ಬಹಳ ನಾಜೂಕಿನ ವಿದ್ಯೆ. "ಅತ್ತೆ, 'ಈ ವಯಸ್ಸಿನಲ್ಲಿ ಇದೆಲ್ಲ ಯಾಕೆ' ಅಂತ ನೀವು ಕೇಳಬಹುದು. ಆದರೆ..."

ಅತ್ತೆಯ ಕೈಯಲ್ಲಿದ್ದ ಬಟ್ಟೆ ನಿಂತಿತು. "ಹೌದಲ್ವಾ! ನಂಗೆ ಹೊಳೆದೇ ಇರಲಿಲ್ಲ. ಒಳ್ಳೇ ಮಾತು ಹೇಳಿದ್ರಿ ಅಳಿಯಂದ್ರೇ. ಈ ವಯಸ್ಸಿನಲ್ಲಿ ಯಾಕೆ?"

ಅಂದಿನಿಂದ ಅದು ಅವರ ಮುಖ್ಯ ವಾದವಾಯಿತು. 'ಆದರೆ' ಎಂದ ಮೇಲೆ ಏನು ಹೇಳಬೇಕೆಂದಿದ್ದೆನೋ ಅದು ಆ ಕ್ಷಣದಲ್ಲೇ ತಲೆಯಿಂದ ಹಾರಿಹೋಗಿತ್ತು. ಮಗಳು ನನ್ನ ಕೆಂಪು ಪೆನ್ನು ತೆಗೆದುಕೊಂಡು ಗಾಳಿಯಲ್ಲಿ ಒಂದು ದೊಡ್ಡ ಸೊನ್ನೆ ಬರೆದು ತೋರಿಸಿದಳು.

ಇಷ್ಟಕ್ಕೆ ಬಿಟ್ಟಿದ್ದರೆ ಚೆನ್ನಾಗಿತ್ತು. ಬಿಡಲಿಲ್ಲ. ಅನುಭವಸ್ಥರ ಸಾಕ್ಷಿ ಎಂಬುದೊಂದು ಬಾಕಿ ಇತ್ತು. ಮಹಡಿ ಮೇಲಿನ ಮನೆಯಲ್ಲಿ ನಿವೃತ್ತ ಸ್ಟೇಷನ್ ಮಾಸ್ತರರು ಒಬ್ಬರೇ ಇದ್ದಾರೆ. ಹೆಂಡತಿ ತೀರಿಹೋಗಿದ್ದಾರೆ. ಅವರಿಗೆ ಹಿಂದಿನ ವರ್ಷವೇ ಪೊರೆಯ ಆಪರೇಷನ್ ಆಗಿತ್ತು. ಭಾನುವಾರ ಬೆಳಗ್ಗೆ ಅವರನ್ನು ಕರೆತಂದು ಅತ್ತೆಯ ಎದುರು ಕೂರಿಸಿ, ಟೀ ಕೊಟ್ಟು, "ಹೇಳಿ ಸಾರ್, ಆಪರೇಷನ್ ಆದ ಮೇಲೆ ಹೇಗನ್ನಿಸ್ತು?" ಎಂದು ಕೇಳಿದೆ.

"ಅಯ್ಯೋ, ಎಲ್ಲಾ ಕಾಣುತ್ತೆ!" ಎಂದರು ಅವರು.

ನಾನು ಅತ್ತೆಯ ಕಡೆ ಗೆದ್ದವನಂತೆ ನೋಡಿದೆ.

"ಎಲ್ಲಾ ಅಂದ್ರೆ ಎಲ್ಲಾ. ಕನ್ನಡಿ ನೋಡ್ದೆ ನೋಡಿ, ಯಾರಪ್ಪಾ ಈ ಮುದುಕ ಅಂತ ಗಾಬರಿ ಆಯ್ತು. ಆ ದಿನ ಊಟ ಸೇರಲಿಲ್ಲ. ಮನೆ ಗೋಡೆ ಇಷ್ಟು ಕೊಳಕಾಗಿದೆ ಅಂತ ಗೊತ್ತೇ ಇರಲಿಲ್ಲ. ಮುಂಚೆ ಎಷ್ಟು ನೆಮ್ಮದಿಯಾಗಿದ್ದೆ!"

"ನೋಡಿದ್ರಾ?" ಎಂದರು ಅತ್ತೆ ನನಗೆ. ಆಮೇಲೆ ಮಾಸ್ತರರ ಕಡೆ ತಿರುಗಿದರು. "ನಂಗೆ ಕಣ್ಣು ಕಾಣಲ್ಲ ಅಂತಾರೆ ಇವರು. ಮೊನ್ನೆ ಇವರಿಗೇ ಒಂದು ನೀಲಿ ಅಂಗಿ ಹೊಲಿದುಕೊಟ್ಟಿದ್ದೀನಿ. ಕಣ್ಣಿಲ್ಲದವಳಿಗೆ ಹೊಲಿಯೋಕಾಗುತ್ತಾ? ಹೇಗಿದೆ ಅಂತ ಇವರನ್ನೇ ಕೇಳಿ."

ಮಾಸ್ತರರು ನನ್ನನ್ನು ನೋಡಿದರು. ಅಂಗಿ ಆಗ ಒಗೆಯಲು ಬಿದ್ದಿತ್ತು, ತೋರಿಸಿ ತಪ್ಪಿಸಿಕೊಳ್ಳುವಂತೆಯೂ ಇರಲಿಲ್ಲ. ಇಷ್ಟು ದಿನ ನಾನು ತಂದ ಸಾಕ್ಷಿಗಳೆಲ್ಲ ಒಂದು ಕಡೆ, ಅತ್ತೆಯ ಒಂದೇ ಸಾಕ್ಷಿ ಇನ್ನೊಂದು ಕಡೆ. ಆ ಸಾಕ್ಷಿ ನಾನೇ. ಟೀ ಲೋಟ ಕೆಳಗಿಟ್ಟೆ. "ಬಹಳ ಚೆನ್ನಾಗಿದೆ" ಎಂದೆ.

ಮಾಸ್ತರರು ಎದ್ದು ಮಹಡಿಗೆ ಹೋದರು. ಸ್ವಲ್ಪ ಹೊತ್ತಿಗೆ ಕಾಗದದಲ್ಲಿ ಸುತ್ತಿದ ಒಂದು ಬಟ್ಟೆ ಹಿಡಿದು ಇಳಿದು ಬಂದರು. ತಿಳಿ ಕೆನೆ ಬಣ್ಣದ್ದು, ಮುಟ್ಟಿದರೆ ಜಾರುವಂಥದ್ದು. "ನಮ್ಮವಳು ಆರಿಸಿ ತಂದಿದ್ದು ಇದು. ಹೊಲಿಸೋಕೆ ಮುಂಚೆ ಹೊರಟುಹೋದಳು. ಯಾರ ಕೈಗೆ ಕೊಡೋಕೂ ಮನಸ್ಸು ಬಂದಿರಲಿಲ್ಲ. ಮೇಷ್ಟ್ರೇ ಇಷ್ಟು ಹೇಳ್ತಾರೆ ಅಂದ ಮೇಲೆ ನೀವೇ ಹೊಲಿದುಕೊಡಿ ಅಮ್ಮ" ಎಂದರು.

ಅತ್ತೆ ಆ ಬಟ್ಟೆಯನ್ನು ತೊಡೆಯ ಮೇಲೆ ಹಾಕಿಕೊಂಡು ಸವರುತ್ತಾ ಕೂತರು. ಎಷ್ಟೋ ದಿನದ ಮೇಲೆ ಹೊರಗಿನವರ ಬಟ್ಟೆ. ಅವರ ಮುಖ ಅರಳಿತು. "ನಾಳೆ ಮಧ್ಯಾಹ್ನ ಕತ್ತರಿಸ್ತೀನಿ, ಬೆಳಕು ಚೆನ್ನಾಗಿರುತ್ತೆ" ಎಂದರು.

ಹೆಂಡತಿ ನನ್ನನ್ನು ಅಡುಗೆಮನೆಗೆ ಎಳೆದುಕೊಂಡು ಹೋದಳು.

"ಏನ್ರೀ ಮಾಡಿದ್ರಿ ಇದನ್ನ?"

"ನಾನೇನು ಮಾಡ್ದೆ? ಅಂಗಿ ವಿಷಯ ಎತ್ತಬೇಡಿ ಅಂದವಳು ನೀನೇ."

"ಎತ್ತಬೇಡಿ ಅಂದೆ. ಹೊಗಳಿ ಅಂದ್ನಾ? ಆ ಮನುಷ್ಯನ ಹೆಂಡತಿ ಕೊನೇದಾಗಿ ತಂದ ಬಟ್ಟೆ ರೀ ಅದು! ಕತ್ತರಿ ಬಿದ್ದರೆ ಮತ್ತೆ ಬರುತ್ತಾ?" ಅವಳ ಕಣ್ಣು ತುಂಬಿಕೊಂಡಿತ್ತು. "ಹಾಳಾಗಿದ್ದು ಹೊರಗಿನವರಿಂದ ಗೊತ್ತಾದ್ರೆ ಅಮ್ಮ ಮತ್ತೆ ಮಿಷನ್ ಮುಟ್ಟಲ್ಲ. ಚೆನ್ನಾಗಿದೆ ಅಂದವರು ನೀವು. ನೀವೇ ಹೋಗಿ ಬಿಚ್ಚಿ ಹೇಳಿ."

ಮರುದಿನ ಅರ್ಧ ದಿನ ರಜೆ ಹಾಕಿ ಮನೆಗೆ ಬಂದೆ. ಬಚ್ಚಲುಮನೆಯ ಕನ್ನಡಿ ಎದುರು ನಿಂತು ತಯಾರಿ ನಡೆಸಿದೆ. ಮೊದಲು ಸ್ವಲ್ಪ ಹೊಗಳಿಕೆ, ನಡುವೆ ಕಹಿ, ಕೊನೆಗೆ ಮತ್ತೆ ಹೊಗಳಿಕೆ. ಪೀಠಿಕೆಗೆ ಕಾಲದ ಓಟದ ಬಗ್ಗೆ ಎರಡು ವಾಕ್ಯ. ಜ್ವರವೆಂದು ಮನೆಯಲ್ಲೇ ಉಳಿದಿದ್ದ ಮಗಳು ಬಾಗಿಲಾಚೆಯಿಂದ "ಅಪ್ಪ, ಎರಡನೇ ವಾಕ್ಯಕ್ಕೆ ಅಜ್ಜಿ ಎದ್ದು ಹೋಗ್ತಾಳೆ" ಎಂದಳು.

ಮುಂದಿನ ಕೋಣೆಗೆ ಹೋದಾಗ ಮೇಜಿನ ಮೇಲೆ ಕೆನೆ ಬಣ್ಣದ ಬಟ್ಟೆ ಹರಡಿತ್ತು. ಸೀಮೆಸುಣ್ಣದ ಗೆರೆಗಳು ಆಗಲೇ ಬಿದ್ದಿದ್ದವು. ಎದೆಯ ಅಳತೆಯ ಗೆರೆ ಬಟ್ಟೆ ದಾಟಿ ಮೇಜಿನ ಮರದ ಮೇಲೂ ಒಂದು ಗೇಣು ಓಡಿತ್ತು. ಅತ್ತೆಯ ಕೈಯಲ್ಲಿ ದೊಡ್ಡ ಕತ್ತರಿ.

"ಅತ್ತೆ, ಕಾಲ ಅನ್ನೋದು ಯಾರಿಗೂ..."

"ಕತ್ತರಿ ಕೈಲಿದೆ. ಬೇಗ ಹೇಳಿ."

"ನಿಮ್ಮ ಕೈಚಳಕ ಅಂದ್ರೆ ಊರಿಗೇ..."

ಅತ್ತೆ ಬಟ್ಟೆಯ ಅಂಚಿಗೆ ಕತ್ತರಿ ಇಟ್ಟರು. ಅಷ್ಟು ವರ್ಷ ಕಲಿಸಿದ ಪಾಠ ಪೂರ್ತಿ ನನ್ನ ತಲೆಯಿಂದ ಖಾಲಿಯಾಯಿತು.

"ಒಂದು ತೋಳು ಬೂದು!" ಎಂದು ಕೂಗಿದೆ.

"ಏನು?"

"ನನ್ನ ಅಂಗೀದು. ಬಲಗಡೆ ನೀಲಿ, ಎಡಗಡೆ ಬೂದು. ಜೇಬು ವಾರೆ. ಗುಂಡಿ ಒಂದು ಕಾಜ ತಪ್ಪಿದೆ. ಚೆನ್ನಾಗಿಲ್ಲ ಅತ್ತೆ. ನಾನು ಸುಳ್ಳು ಹೇಳ್ದೆ."

ಕತ್ತರಿ ನಿಂತಿತು. ಅತ್ತೆ ಅದನ್ನು ಮೆಲ್ಲಗೆ ಮೇಜಿನ ಮೇಲಿಟ್ಟರು.

"ಅದನ್ನ ಹಾಕ್ಕೊಂಡು ಶಾಲೆಗೂ ಹೋದ್ರಾ?"

"ಹೋದೆ."

"ಮಕ್ಕಳು ನಗಲಿಲ್ವಾ?"

"ನಕ್ಕರು."

"ಮತ್ತೆ ಒಗೆದು, ಮತ್ತೆ ಹಾಕ್ಕೊಂಡ್ರಿ."

"ಹೂಂ."

ಅತ್ತೆ ನನ್ನ ದನಿ ಬಂದ ಕಡೆ ಮುಖ ತಿರುಗಿಸಿದರು. ನನ್ನ ಮುಖ ಅವರಿಗೆ ಮಸಕು ಮಸಕಾಗಿ ಕಂಡಿರಬೇಕು. "ಅಂಥದ್ದನ್ನ ಯಾಕೆ ಹಾಕ್ಕೊಂಡ್ರಿ ಅಳಿಯಂದ್ರೇ?" ಎಂದು ಕೇಳಿದರು.

ನಾನು ಉತ್ತರ ಕೊಡಲಿಲ್ಲ. ಉತ್ತರ ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನೆ ಇದ್ದೆವು.

"ಭಯ ಆಗುತ್ತೆ" ಎಂದರು ಅತ್ತೆ, ಬಟ್ಟೆಯನ್ನು ಮಡಚುತ್ತಾ. "ಈಗ ಅರೆಬರೆ ಆದ್ರೂ ಕಾಣುತ್ತೆ. ಕೈ ಆಡುತ್ತೆ. ಅದೂ ಹೋಗಿಬಿಟ್ರೆ ನಾನು ಬೆಳಗ್ಗೆ ಎದ್ದು ಏನು ಮಾಡಲಿ?"

ಧೈರ್ಯ ತುಂಬುವ ಮಾತುಗಳು ಪಾಠದಲ್ಲಿ ಬೇಕಾದಷ್ಟಿವೆ. ಒಂದೂ ನೆನಪಾಗಲಿಲ್ಲ. "ನಂಗೂ ಭಯಾನೇ ಅತ್ತೆ. ನಾವೆಲ್ಲ ಜೊತೆಗೆ ಬರ್ತೀವಿ" ಎಂದೆ.

ಅವರು ಸೆರಗಿನಲ್ಲಿ ಮೂಗು ಒರೆಸಿಕೊಂಡರು. "ಸರಿ. ಆ ಹುಡುಗಿಗೆ ಬರ್ತೀನಿ ಅಂತ ಹೇಳಿ. ಕೋಟು ಬಿಚ್ಚಿಡೋಕೆ ಹೇಳಿ, ಸೂಜಿ ದಾರ ನಾನೇ ತರ್ತೀನಿ."

ಮಾಸ್ತರರಿಗೆ ವಿಷಯ ತಿಳಿಸಿದಾಗ, ಇಷ್ಟು ಕಾಲ ಕಾದ ಬಟ್ಟೆ ಇನ್ನೂ ಕಾಯುತ್ತದೆ ಎಂದರು. ಮೊದಲು ಒಂದು ಕಣ್ಣು, ಆಮೇಲೆ ಇನ್ನೊಂದು, ಎರಡೂ ಸುಸೂತ್ರವಾಗಿ ಆದವು. ಕರಿ ಕನ್ನಡಕ ತೆಗೆಯಬಹುದು ಎಂದು ಡಾಕ್ಟರು ಹೇಳಿದ ದಿನ ಅತ್ತೆ ಮನೆಗೆ ಬಂದು ಕೇಳಿದ್ದು ಒಂದನ್ನೇ. "ಆ ಅಂಗಿ ತನ್ನಿ."

ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ನೀಲಿ ತೋಳು ನೋಡಿದರು, ಬೂದು ತೋಳು ನೋಡಿದರು, ಜೇಬನ್ನು ಬೆರಳಿನಲ್ಲಿ ತಟ್ಟಿದರು. ಹೆಂಡತಿ ಆಗಲೇ ಸೆರಗು ಕಣ್ಣಿಗೆ ಒತ್ತಿಕೊಂಡಿದ್ದಳು. ಈಗ ಅತ್ತೆ ನನ್ನ ಬಗ್ಗೆ ಏನಾದರೂ ಎರಡು ಒಳ್ಳೆಯ ಮಾತು ಆಡುತ್ತಾರೆ ಅನ್ನಿಸಿ, ವಿನಯದಿಂದ ತಲೆ ತಗ್ಗಿಸಿ ನಿಂತೆ.

"ಇದನ್ನ ಕಣ್ಣಾರೆ ನೋಡಿ ಚೆನ್ನಾಗಿದೆ ಅಂದ್ರಾ ನೀವು?"

"ಅದು ಅತ್ತೆ..."

"ಬಹಳ ಚೆನ್ನಾಗಿದೆ ಅಂದ್ರಿ! ಮಾಸ್ತರರ ಮುಂದೆಯೂ ಅಂದ್ರಿ! ಇದನ್ನ ಹಾಕ್ಕೊಂಡು ಊರೆಲ್ಲ ತಿರುಗಿ ನನ್ನ ಹೆಸರಿಗೆ ಮಸಿ ಬಳಿದ್ರಿ. ಅಯ್ಯೋ ಶಿವನೇ, ಇಂಥ ಮನುಷ್ಯನ ಮಾತು ಕೇಳಿ ನಾನು ಆಪರೇಷನ್ ಮಾಡಿಸ್ಕೊಂಡೆನಲ್ಲ!"

ಮನವೊಲಿಸುವ ಬರವಣಿಗೆಯಲ್ಲಿ ಎಲ್ಲಕ್ಕಿಂತ ಮೊದಲ ಪಾಠ ಒಂದಿದೆ. ಹೇಳುವವನ ಮೇಲೆ ಕೇಳುವವರಿಗೆ ನಂಬಿಕೆ ಇರಬೇಕು. ಅದು ಹೋದರೆ ಬಾಕಿ ಯಾವುದೂ ನಡೆಯುವುದಿಲ್ಲ. ನನ್ನದು ಹೋಯಿತು. ಅಡುಗೆ ಚೆನ್ನಾಗಿದೆ ಎಂದರೆ ಹೆಂಡತಿ "ನಿಜವಾಗಿ ಚೆನ್ನಾಗಿದೆಯಾ, ನೀಲಿ ಅಂಗಿ ಥರ ಚೆನ್ನಾಗಿದೆಯಾ?" ಎಂದು ಕೇಳುತ್ತಾಳೆ. ಮಗಳು ಚಿತ್ರ ಬರೆದರೆ ನನಗೆ ತೋರಿಸುವುದನ್ನೇ ಬಿಟ್ಟಿದ್ದಾಳೆ, ನೇರವಾಗಿ ಅಜ್ಜಿಯ ಹತ್ತಿರ ಹೋಗುತ್ತಾಳೆ. ಅಜ್ಜಿ ಮುಖ ಮೋರೆ ನೋಡದೆ "ಕೈ ಸೊಟ್ಟಗಿದೆ, ತಿದ್ದು" ಎನ್ನುತ್ತಾರೆ. ಅವಳು ಖುಷಿಯಿಂದ ತಿದ್ದುತ್ತಾಳೆ.

ಮಾಸ್ತರರ ಕೆನೆ ಬಣ್ಣದ ಅಂಗಿ ಆಯಿತು. ಅವರು ಅದನ್ನು ತೊಟ್ಟು ನಮ್ಮ ಮನೆಯ ಕನ್ನಡಿಯ ಮುಂದೆ ಬಹಳ ಹೊತ್ತು ನಿಂತಿದ್ದರು. ಗಾಬರಿಯಾದಂತೆ ಕಾಣಲಿಲ್ಲ. ಕಾಲರನ್ನು ಎರಡು ಬೆರಳಿನಲ್ಲಿ ಮುಟ್ಟಿ ಮುಟ್ಟಿ ನೋಡಿಕೊಂಡು, ಅತ್ತೆಗೆ ಕೈಮುಗಿದು ಮಹಡಿ ಹತ್ತಿದರು.

ಆಮೇಲೆ ಅತ್ತೆ ನನ್ನ ಅಂಗಿ ಹಿಡಿದು ಕೂತರು. ಬೂದು ತೋಳು ಬಿಚ್ಚಿ ನೀಲಿ ತೋಳು ಕೂರಿಸಿದರು, ಜೇಬು ಕಿತ್ತು ನೇರ ಮಾಡಿದರು, ಗುಂಡಿಗಳನ್ನೆಲ್ಲ ಮೇಲಕ್ಕೆ ಸರಿಸಿದರು. ಸೂಜಿಗೆ ದಾರವನ್ನು ತಾವೇ ಪೋಣಿಸಿದರು. "ಹಾಕ್ಕೊಂಡು ಬನ್ನಿ" ಎಂದರು.

ಹಾಕಿಕೊಂಡೆ. ಅಂಥ ಅಂಗಿಯನ್ನು ನಾನು ಹುಟ್ಟಿದಾಗಿನಿಂದ ತೊಟ್ಟಿರಲಿಲ್ಲ. ಭುಜ ಭುಜದ ಮೇಲೆಯೇ ಕೂತಿತ್ತು, ನನ್ನ ಹೊಟ್ಟೆ ಕೂಡ ಮರ್ಯಾದೆಯಿಂದ ಒಳಗೆ ನಿಂತಿತ್ತು. ಮುಂದಿನ ಕೋಣೆಗೆ ಬಂದು ಅವರೆದುರು ನಿಂತೆ.

"ಹೇಗಿದೆ?"

ಈ ಸಲ ಮನಸ್ಸು ತುಂಬಿ, ಒಂದಕ್ಷರ ಸುಳ್ಳಿಲ್ಲದೆ ಹೇಳಿದೆ: "ಬಹಳ ಚೆನ್ನಾಗಿದೆ ಅತ್ತೆ."

ಅತ್ತೆ ನನ್ನನ್ನು ಆ ಹೊಸ ಕಣ್ಣುಗಳಿಂದ ಮೇಲಿಂದ ಕೆಳಗೆ ನೋಡಿದರು. ಆಮೇಲೆ ಅಡುಗೆಮನೆಯ ಕಡೆ ತಿರುಗಿ ಮಗಳನ್ನು ಕೂಗಿದರು: "ಏ, ನೀನೊಂದು ಸಲ ಬಂದು ನೋಡಿ ಹೇಳೇ. ಇವರನ್ನ ಕೇಳಿ ಏನು ಪ್ರಯೋಜನ?"

"ಏನೂ ಇಲ್ಲ, ಬಂದೆ ಇರು" ಎಂದು ನನ್ನ ಹೆಂಡತಿ ಅಲ್ಲಿಂದಲೇ ಉತ್ತರ ಕೊಟ್ಟಳು.